ಒಂದು ಗಂಟೆ ಅಗಲದ ಹೊಳೆ

ಬನ್ನಿ, ಕೊಡೆ ಮಡಚಿ ಸೇತುವೆಯ ನಡುವೆ ನಿಲ್ಲಿ,
ಮುಖ ಹೊಳೆ ಬರುವ ಕಡೆಗೆ.
ಬಲಗಾಲು ಟೋರ್ನಿಯೊದಲ್ಲಿ, ಅದು ಫಿನ್‌ಲ್ಯಾಂಡು;
ಎಡಗಾಲು ಹಾಪರಾಂಡದಲ್ಲಿ, ಅದು ಸ್ವೀಡನ್ನು.
ಬಲಗಾಲಿಗೆ ಹನ್ನೆರಡು ಹೊಡೆದು ಹಸಿವಾಗಿದೆ,
ಎಡಗಾಲಿಗೆ ಇನ್ನೂ ಹನ್ನೊಂದು, ತಡೆದುಕೊಳ್ಳಬೇಕು.
ಇಲ್ಲಿ ಎಲ್ಲರೂ ನಗುತ್ತಾರೆ, ನೀವೂ ನಗಬಹುದು.
ಹದಿನಾರು ಬೇಸಿಗೆ ಇದೊಂದು ಮಾತು ಮಾರಿ
ಆ ದಡದ ಕ್ರೋನ ಎಣಿಸಿಕೊಂಡು
ಈ ದಡದ ಯೂರೋದಲ್ಲಿ ಆಲೂಗಡ್ಡೆ ಕೊಂಡಿದ್ದೇನೆ.

ಅದೋ ಹಲಗೆಯ ಚರ್ಚು, ಮುನ್ನೂರು ಚಳಿಗಾಲ ದಾಟಿದ ಮರ;
ಬಾಗಿಲಲ್ಲಿ ಮೂಗಿಗೆ ಮೊದಲು ಡಾಂಬರು, ಆಮೇಲೆ ದೇವರು.
ಆಚೆಯದು, ಹಳೆಯದು ಸುಟ್ಟುಹೋದ ಮೇಲೆ ಕಟ್ಟಿದ್ದು,
ತಾಮ್ರ ಹೊದಿಸಿದ ಚೌಕದ ಪೆಟ್ಟಿಗೆ.
ಧಾನ್ಯದ ಉಗ್ರಾಣವೇ ಎಂದು ಕೇಳಿದವರಿಗೆ
ಹೌದು, ಬರಗಾಲಕ್ಕೆಂದು ಇಟ್ಟಿದ್ದೇವೆ, ಎನ್ನುತ್ತೇನೆ.

ಸ್ಟೇಷನ್ನಿಗೆ ಹೋದಾಗ ಹಳಿಗಳ ನಡುವೆ ಅಳೆದು ನೋಡಿ:
ಎರಡು ದೇಶ, ಎರಡು ಅಗಲ,
ವ್ಯತ್ಯಾಸ ಒಂದು ಅಂಗೈಯಷ್ಟು.
ಮೊದಲ ಮಹಾಯುದ್ಧದಲ್ಲಿ
ಕಾಲಿಲ್ಲದವರನ್ನು ಒಂದು ಗಾಡಿಯಿಂದ ಇಳಿಸಿ
ಹೊಳೆ ದಾಟಿಸಿ ಇನ್ನೊಂದಕ್ಕೆ ಏರಿಸಿದರು.
ಫೋಟೋ ತೆಗೆಯಿರಿ. ಬೆಳಕು ಚೆನ್ನಾಗಿದೆ.
ನಡುರಾತ್ರಿಗೆ ಬಂದರೂ ಹೆಚ್ಚುಕಡಿಮೆ ಇಷ್ಟೇ.

ಮೇಲೆ, ಕುಕ್ಕೊಲದ ಹತ್ತಿರ, ಹೊಳೆ ಕಲ್ಲಿಗೆ ಬಿದ್ದು ಬೆಳ್ಳಗಾಗುತ್ತದೆ.
ಮರದ ಅಟ್ಟಣೆಯ ತುದಿಗೆ ನಿಂತು
ಉದ್ದ ಕೋಲಿನ ಬಲೆ ಅದ್ದಿ ನೀರನ್ನು ಗೋರುತ್ತಾರೆ,
ದೊಡ್ಡ ಹಂಡೆಯಲ್ಲಿ ಅಂಬಲಿ ಕಲಕಿದ ಹಾಗೆ.
ಬಿಳಿಮೀನು. ಕಡ್ಡಿಗೆ ಚುಚ್ಚಿ ಕೆಂಡದ ಪಕ್ಕ ನಿಲ್ಲಿಸಿದ್ದು.
ಉಪ್ಪು ಬಿಟ್ಟರೆ ಏನೂ ಬೇಡ.
ಎರಡೂ ದಡದಲ್ಲಿ ಅದೇ ಕೋಲು, ಅದೇ ಬೈಗುಳ,
ಎರಡೂ ರಾಜಧಾನಿಗೆ ಅರ್ಥವಾಗದ ಅದೇ ಮಾತು.

ಇಂಪಿ ನನ್ನ ಅಜ್ಜಿ.
ಯುದ್ಧ ಮುಗಿದು ಕಾಫಿ ಸಿಗದ ವರ್ಷಗಳಲ್ಲಿ
ತಳ್ಳುಗಾಡಿಯಲ್ಲಿ ಕೂಸಿನ ಕೆಳಗೆ ಕಾಫಿಬೀಜ ಹಾಸಿ
ಲಾಲಿ ಹಾಡುತ್ತ ಸುಂಕದಕಟ್ಟೆ ದಾಟುತ್ತಿದ್ದಳು.
ಆ ಕೂಸು ನಮ್ಮ ಸುಲೋ ಮಾವ.
ದೊಡ್ಡವನಾಗಿ ಆಚೆ ದಡದಲ್ಲಿ ಬಸ್ಸು ಓಡಿಸಿದ.
ಬೆನ್ನಿಗೆ ಒತ್ತಿದ್ದು ಸಾಕು ಎಂದು
ಕಾಫಿ ಮುಟ್ಟಲಿಲ್ಲ.
ಇಷ್ಟನ್ನು ಹೇಳುತ್ತೇನೆ, ಜನ ಇಷ್ಟಪಡುತ್ತಾರೆ.

ಹೇಳದ್ದು ಇದು.
ಫೆಬ್ರವರಿಯಲ್ಲಿ ಇಂಪಿಗೆ ಉಸಿರು ಸಾಲದಾಯಿತು.
ಫೋನು ಹೋಯಿತು, ಮಾವನ ಕಾರು ಹೊತ್ತಿಕೊಳ್ಳಲಿಲ್ಲ,
ಸೇತುವೆ ಸುತ್ತು ಎಂದು ಹೆಪ್ಪುಗಟ್ಟಿದ ಹೊಳೆಯ ಮೇಲೆ ನಡೆದೇ ಬಂದ.
ನರ್ಸು ಆಗಲೇ ಬರೆದಿಟ್ಟಿದ್ದಳು: ಹನ್ನೆರಡು ಇಪ್ಪತ್ತು.
ಗೋಡೆಯಲ್ಲಿ ಹನ್ನೆರಡು ನಲವತ್ತು.
ಹೊಸ್ತಿಲಲ್ಲೇ ನಿಂತ; ಮೀಸೆಯ ಹಿಮ ತೊಟ್ಟಿಕ್ಕುತ್ತಿತ್ತು.
ಕಾಗದ ನೋಡಿದ, ಗೋಡೆ ನೋಡಿದ,
ತೋಳು ಸರಿಸಿ ತನ್ನ ಕೈಗಡಿಯಾರ ನೋಡಿಕೊಂಡ.
ಹನ್ನೊಂದು ನಲವತ್ತು.

"ಇನ್ನೂ ಹೊತ್ತಿದೆ" ಎಂದ, ಯಾರಿಗೋ.

ಕುರ್ಚಿ ಎಳೆದು, ಕೈಗವಸು ಬಿಚ್ಚಿ, ಅವಳ ಕೈ ಹಿಡಿದು
ಮಾತಾಡಿದ. ಬಸ್ಸಿನ ಬ್ರೇಕು, ಬೆಣ್ಣೆಯ ಬೆಲೆ,
ಮೊಮ್ಮಗಳು ತ್ಯೂನೆಗೆ ಬಿದ್ದ ಹಲ್ಲು,
ಒಂದು ಜಗಳ, ಅದರಲ್ಲಿ ತಪ್ಪು ಯಾರದೆಂದು.
ಮಧ್ಯೆ ಒಮ್ಮೆ ಸುಮ್ಮನಾಗಿ, ಅವಳು ಹೇಳಲಿ ಎಂಬಂತೆ ಕಾದ.
ನಾವು ಅಡುಗೆಮನೆಯಲ್ಲಿ ಚಮಚ ಸದ್ದಾಗದಂತೆ ಕೂತಿದ್ದೆವು.
ಯಾರೂ ತಿದ್ದಲಿಲ್ಲ.
ಪಾದ್ರಿ ಬಂದರೆ ಅಮ್ಮ ಅವರನ್ನು ಅಂಗಳದಲ್ಲೇ ತಡೆದಳು,
ಆ ಚಳಿಯಲ್ಲಿ, ಸೌದೆಯ ಲೆಕ್ಕ ಹೇಳುತ್ತ.
ತನ್ನ ಮುಳ್ಳು ಹನ್ನೆರಡು ಇಪ್ಪತ್ತಕ್ಕೆ ಬಂದಾಗ
ಮಾವ ಎದ್ದ, ಕಿಟಕಿ ತೆರೆದ,
ಸ್ವಲ್ಪ ಹೊತ್ತು ಅಲ್ಲೇ ಬೆನ್ನು ಮಾಡಿ ನಿಂತ.
ಆಮೇಲೆ ಒಳಗೆ ಬಂದು, ಕಾಫಿ ಇದೆಯಾ, ಎಂದು ಕೇಳಿದ.

ಏನು, ಬಸ್ಸೇ? ಒಂದಕ್ಕೆ ಹೊರಡುತ್ತದೆ.
ಯಾವ ಒಂದು, ಅಂದಿರಾ? ತಾಳಿ,
ಡ್ರೈವರನ್ನು ಕೇಳಿ ಬರುತ್ತೇನೆ.
ಅಲ್ಲಿಯವರೆಗೆ ಕಾಲು ಬದಲಿಸಿಕೊಳ್ಳಿ,
ಜೋಮು ಹಿಡಿದಿರಬಹುದು.